ಕಲ್ಲಿನೊಳಗೆ ಕಾಲುಗಳನ್ನು ಕಂಡವನು: ಚಾರ್ಲ್ಸ್ ಡೂಲಿಟಲ್ ವಾಲ್ಕಾಟ್

ವಿಜ್ಞಾನಿಗಳ ಜೀವನಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ನ್ಯೂಟನ್, ಡಾರ್ವಿನ್, ನಮ್ಮವರೇ ಆದ ಜಗದೀಶಚಂದ್ರ ಬೋಸ್ ಮತ್ತು ರಾಮನ್ ಮೊದಲಾದವರ ಹೆಸರುಗಳು ಬರುತ್ತವೆ. ಇವರೆಲ್ಲರೂ ದೊಡ್ಡ ವಿದ್ಯಾಪೀಠಗಳಲ್ಲಿ ಓದಿ ಬಂದವರು. ವಿಶ್ವವಿದ್ಯಾನಿಲಯದ ಹೊಸ್ತಿಲನ್ನೇ ವಿದ್ಯಾರ್ಥಿಯಾಗಿ ತುಳಿಯದೆ, ಪ್ರೌಢಶಾಲೆಯ ಕೊನೆಯ ಪರೀಕ್ಷೆಯನ್ನೂ ಮುಗಿಸದೆ, ಒಂದು ಮಹಾರಾಷ್ಟ್ರದ ವಿಜ್ಞಾನ ಸಂಸ್ಥೆಗಳಿಗೆಲ್ಲ ಯಜಮಾನನಾದವನೊಬ್ಬನಿದ್ದಾನೆ. ಅವನೇ ಅಮೆರಿಕದ ಭೂವಿಜ್ಞಾನಿ ಚಾರ್ಲ್ಸ್ ಡೂಲಿಟಲ್ ವಾಲ್ಕಾಟ್. ಕೋಟ್ಯಂತರ ವರ್ಷಗಳ ಹಿಂದೆ ನಾಮಾವಶೇಷವಾದ ಒಂದು ಕಡಲಜೀವಿಗೆ ಕಾಲುಗಳಿದ್ದುವೇ ಇಲ್ಲವೇ ಎಂಬ ಪ್ರಶ್ನೆಯೊಂದಿಗೆ ಅವನ ಕೀರ್ತಿ ಪ್ರಾರಂಭವಾಯಿತು. ಪ್ರಶ್ನೆ ಸಣ್ಣದೆಂದು ವಾಚಕರು ನಗಬಹುದು. ಆದರೆ ಆ ಕಾಲುಗಳ ಮೇಲೆಯೇ ಅವನ ಜೀವನ ನಿಂತಿತೆಂದರೆ ಅತಿಶಯೋಕ್ತಿಯಾಗದು.

ವಾಲ್ಕಾಟನು 1850ನೆಯ ಇಸವಿ ಮಾರ್ಚ್ 31ರಂದು ನ್ಯೂಯಾರ್ಕ್ ಸಂಸ್ಥಾನದ ಯುಟಿಕ ಪಟ್ಟಣದ ಬಳಿಯ ನ್ಯೂಯಾರ್ಕ್ ಮಿಲ್ಸ್ ಎಂಬ ಊರಿನಲ್ಲಿ ಹುಟ್ಟಿದನು. ಎರಡು ವರ್ಷದವನಿರುವಾಗಲೇ ತಂದೆ ತೀರಿಕೊಂಡನು. ಯುಟಿಕದ ಶಾಲೆಯಲ್ಲಿ ಓದಿಗೆ ಸೇರಿದರೂ ಅವನ ಲಕ್ಷ್ಯವೆಲ್ಲ ಪುಸ್ತಕಕ್ಕಿಂತ ಹೊರಗಡೆಯೇ. ಹಕ್ಕಿಯ ಮೊಟ್ಟೆ, ಬಣ್ಣದ ಖನಿಜ, ಚಿತ್ರವಿರುವ ಕಲ್ಲು ಇವುಗಳನ್ನು ಕೂಡಿಹಾಕುವುದೇ ಅವನ ವ್ಯಸನವಾಗಿತ್ತು. ಕೊನೆಗೆ ಶಾಲೆಯನ್ನು ಅರ್ಧಕ್ಕೆ ಬಿಟ್ಟನು. 18ರ ಪ್ರಾಯದಲ್ಲಿ ಒಂದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದನು. ಹಗಲು ಮೊಳೆ, ಬೀಗ, ಸರಪಳಿಗಳ ಲೆಕ್ಕ. ಬಿಡುವಿನಲ್ಲಿ ಭೂವಿಜ್ಞಾನದ ಗ್ರಂಥಗಳ ಅಭ್ಯಾಸ. ಆ ಅಂಗಡಿಯಲ್ಲಿ ಅವನು ಎರಡು ವರ್ಷಗಳನ್ನು ಕಳೆದನು.

ಯುಟಿಕಕ್ಕೆ ಸಮೀಪದಲ್ಲಿ ಟ್ರೆಂಟನ್ ಫಾಲ್ಸ್ ಎಂಬ ಜಲಪಾತವಿದೆ. ಅಲ್ಲಿ ಹೊಳೆಯು ಸುಣ್ಣಕಲ್ಲಿನ ಪದರಗಳನ್ನು ಕೊರೆದು ಆಳವಾದ ಕಣಿವೆಯನ್ನು ಮಾಡಿದೆ. ಆ ಕಲ್ಲುಗಳ ತುಂಬ ಪುರಾತನ ಜೀವಿಗಳ ಅಚ್ಚುಗಳು. ಜಲಪಾತದ ಹತ್ತಿರ ವಿಲಿಯಂ ರಸ್ಟ್ ಎಂಬ ರೈತನೊಬ್ಬನಿದ್ದನು. ಅವನಿಗೂ ಕಲ್ಲು ಒಡೆದು ಪಳೆಯುಳಿಕೆಗಳನ್ನು ತೆಗೆಯುವ ಹವ್ಯಾಸ. ವಾಲ್ಕಾಟನು ಅಂಗಡಿಯ ಕೆಲಸವನ್ನು ಬಿಟ್ಟು ರಸ್ಟನ ಮನೆಯನ್ನು ಸೇರಿದನು. ದಿನದಲ್ಲಿ ಕೆಲವು ಗಂಟೆ ಹೊಲದ ಕೆಲಸ, ಉಳಿದ ಹೊತ್ತು ಕಲ್ಲಿನ ಕೆಲಸ. 1872ರಲ್ಲಿ ರಸ್ಟನ ತಂಗಿ ಲೂರಾಳನ್ನು ಮದುವೆಯಾದನು. ರೈತನೂ ಗುಮಾಸ್ತನೂ ಕೂಡಿ ನಡೆಸಿದ ಆ ಸಣ್ಣ ಕಲ್ಲುಗಣಿ ಇಂದಿಗೂ ವಾಲ್ಕಾಟ್-ರಸ್ಟ್ ಗಣಿ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ.

ಅವರು ಹುಡುಕುತ್ತಿದ್ದುದು ಟ್ರೈಲೊಬೈಟುಗಳನ್ನು. ಈ ಪ್ರಾಣಿಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳದೆ ವಾಲ್ಕಾಟನ ಸಾಧನೆ ತಿಳಿಯುವುದಿಲ್ಲ. ಟ್ರೈಲೊಬೈಟ್ ಎಂದರೆ ಮೂರು ಹಾಲೆಗಳುಳ್ಳದ್ದು ಎಂದರ್ಥ. ಬೆನ್ನಿನ ಉದ್ದಕ್ಕೂ ಎರಡು ತೋಡುಗಳು ಹರಿದು, ನಡುವೆ ಒಂದು ದಿಂಡು, ಎರಡು ಮಗ್ಗುಲಿಗೆ ಎರಡು ಹಾಲೆಗಳಾಗಿ ಮೈ ಮೂರು ಪಾಲಾಗಿರುತ್ತದೆ. ಅಡ್ಡಲಾಗಿ ನೋಡಿದರೂ ಮೂರು ಭಾಗಗಳೇ: ತಲೆಯ ಗುರಾಣಿ, ನಡುವಿನ ಕೀಲುಕೀಲಾದ ಎದೆ, ಹಿಂದಿನ ಬಾಲದ ಗುರಾಣಿ. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, ಸುಮಾರು 25 ಕೋಟಿ ವರ್ಷಗಳ ಹಿಂದೆ ಇವು ನಿರ್ವಂಶವಾದುವು. ಮನುಷ್ಯನು ಭೂಮಿಗೆ ಬಂದು ಎಷ್ಟು ಕಾಲವಾಯಿತೆಂಬುದನ್ನು ನೆನೆದರೆ, ಇವುಗಳ ಆಳ್ವಿಕೆಯ ಮುಂದೆ ಯಾವ ಚಕ್ರವರ್ತಿಯ ಆಳ್ವಿಕೆಯೂ ಲೆಕ್ಕಕ್ಕಿಲ್ಲ.

ಈ ವಂಶದ ದೈತ್ಯರಲ್ಲಿ ಐಸೊಟೀಲಸ್ ಎಂಬ ಕುಲ ಮುಖ್ಯವಾದದ್ದು. ಟ್ರೆಂಟನ್ ಫಾಲ್ಸಿನ ಕಲ್ಲುಗಳಿಂದಲೇ 1824ರಲ್ಲಿ ಡಿ ಕೇ ಎಂಬವನು ಇದನ್ನು ವರ್ಣಿಸಿ ಹೆಸರಿಟ್ಟನು. ತಲೆಯ ಗುರಾಣಿಯೂ ಬಾಲದ ಗುರಾಣಿಯೂ ಹೆಚ್ಚುಕಡಮೆ ಒಂದೇ ಅಳತೆಯವಾದುದರಿಂದ, ಎರಡು ತುದಿಯೂ ಸಮ ಎಂಬ ಅರ್ಥದ ಗ್ರೀಕ್ ಹೆಸರು. ಅಗಲವಾದ, ನುಣುಪಾದ ಮೈ. ಬೆನ್ನಿನ ತೋಡುಗಳು ಮಸುಕಾಗಿ, ಮೂರು ಹಾಲೆಗಳ ಗುರುತು ಅಷ್ಟು ಎದ್ದು ಕಾಣುವುದಿಲ್ಲ. ಎದೆಯಲ್ಲಿ 8 ಕೀಲುಗಳು. ತಲೆಯ ಮೇಲೆ ಎದ್ದುನಿಂತ ಎರಡು ಸಂಯುಕ್ತ ನೇತ್ರಗಳು. ಒಂದೊಂದರಲ್ಲಿಯೂ ನೊಣದ ಕಣ್ಣಿನಂತೆ ಅಸಂಖ್ಯ ಸಣ್ಣ ಮಸೂರಗಳು. ತಲೆಯ ಅಡಿಯಲ್ಲಿ, ಬಾಯಿಯ ಬಳಿ, ಕವೆಗೋಲಿನಂತೆ ಎರಡಾಗಿ ಸೀಳಿದ ಗಟ್ಟಿಯಾದ ತಟ್ಟೆಯೊಂದಿದೆ. ಆಹಾರವನ್ನು ಅರೆಯಲು ಇದು ನೆರವಾಗಿದ್ದಿರಬೇಕೆಂದು ಊಹೆ. ಏಡಿಯಂತೆ ಇದೂ ಬೆಳೆಯುವಾಗ ಹಳೆಯ ಚಿಪ್ಪನ್ನು ಕಳಚಿ ಹೊಸದನ್ನು ತೊಡುತ್ತಿತ್ತು. ಈಚೆಗೆ, 1998ರಲ್ಲಿ ಕೆನಡಾದ ಹಡ್ಸನ್ ಕೊಲ್ಲಿಯ ತೀರದ ಚರ್ಚಿಲ್ ಎಂಬಲ್ಲಿ ಸಿಕ್ಕಿ, 2003ರಲ್ಲಿ ಐಸೊಟೀಲಸ್ ರೆಕ್ಸ್ ಎಂದು ಹೆಸರು ಪಡೆದ ಜೀವಿಯ ಉದ್ದ 70 ಸೆಂಟಿಮೀಟರಿಗೂ ಮೇಲೆ. ಇಡಿಯಾಗಿ ದೊರೆತ ಟ್ರೈಲೊಬೈಟುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ನಮ್ಮ ಮನೆಗಳ ಮೊರವನ್ನು ನೆನೆದುಕೊಂಡರೆ ಅದರ ಗಾತ್ರ ಗೊತ್ತಾಗುತ್ತದೆ.

ಬೆನ್ನಿನ ಚಿಪ್ಪು ಸುಣ್ಣದ್ದಾದುದರಿಂದ ಕಲ್ಲಿನಲ್ಲಿ ಸುಲಭವಾಗಿ ಉಳಿಯಿತು. ಆದರೆ ಹೊಟ್ಟೆಯ ಕಡೆ ಏನಿತ್ತು? ಈ ಜೀವಿ ನಡೆಯುತ್ತಿತ್ತೋ, ಈಜುತ್ತಿತ್ತೋ, ಕಡಲಿನ ತಳಕ್ಕೆ ಅಂಟಿಕೊಂಡಿತ್ತೋ? ನೂರು ವರ್ಷ ವಿದ್ವಾಂಸರು ಸಾವಿರಾರು ಚಿಪ್ಪುಗಳನ್ನು ಕಂಡರು. ಕಾಲನ್ನು ಮಾತ್ರ ಕಾಣಲಿಲ್ಲ. ಕೆಲವರು ಇದನ್ನು ಬಂಡೆಗೆ ಅಂಟಿಕೊಳ್ಳುವ ಚಿಪ್ಪುಮೀನಿನ ಜಾತಿಯ ನೆಂಟನೆಂದರು. ಕೆಲವರು ಎಲೆಯಂತೆ ಮೃದುವಾದ ಕಾಲುಗಳಿದ್ದು ಕೊಳೆತುಹೋಗಿರಬೇಕೆಂದರು. 1870ರಲ್ಲಿ ಕೆನಡಾದ ಬಿಲ್ಲಿಂಗ್ಸ್ ಎಂಬ ವಿದ್ವಾಂಸನು ಆಟವಾ ನಗರದ ಬಳಿ ದೊರೆತ ಒಂದು ಐಸೊಟೀಲಸಿನ ಹೊಟ್ಟೆಯ ಭಾಗದಲ್ಲಿ 8 ಜೊತೆ ಕಾಲುಗಳ ಗುರುತಿದೆಯೆಂದು ಪ್ರಕಟಿಸಿದನು. ಅಮೆರಿಕದ ಮಹಾಪಂಡಿತನಾದ ಡೇನಾ ಅದನ್ನು ಒಪ್ಪಲಿಲ್ಲ. ಅವು ಕಾಲುಗಳಲ್ಲ, ಹೊಟ್ಟೆಯ ಪೊರೆಗೆ ಆಧಾರವಾಗಿದ್ದ ಕಮಾನುಗಳು ಮಾತ್ರ ಎಂದು ವಾದಿಸಿದನು. ವ್ಯಾಜ್ಯ ಇತ್ಯರ್ಥವಾಗಲಿಲ್ಲ. ಇದು ಬರಿಯ ಕುತೂಹಲದ ವ್ಯಾಜ್ಯವೂ ಅಲ್ಲ. ಕಾಲಿನ ರಚನೆ ತಿಳಿಯದೆ ಈ ಜೀವಿ ಏಡಿ, ಚೇಳು, ಕೀಟಗಳ ಬಳಗದಲ್ಲಿ ಎಲ್ಲಿ ನಿಲ್ಲುತ್ತದೆಂಬುದನ್ನು ಹೇಳುವಂತಿರಲಿಲ್ಲ.

ಟ್ರೆಂಟನ್ನಿನ ಹೊಲದಲ್ಲಿದ್ದ ವಾಲ್ಕಾಟನು ಈ ವ್ಯಾಜ್ಯವನ್ನು ತನ್ನದೇ ರೀತಿಯಲ್ಲಿ ಬಗೆಹರಿಸಲು ಹೊರಟನು. ಗಣಿಯ ಕೆಲವೇ ಅಂಗುಲ ದಪ್ಪದ ಒಂದು ಪದರದಲ್ಲಿ ಟ್ರೈಲೊಬೈಟುಗಳು ಇಡಿಯಾಗಿ, ಕೆಲವು ಮರವಟ್ಟೆಯಂತೆ ಸುರುಳಿಸುತ್ತಿಕೊಂಡು ಸಿಕ್ಕುತ್ತಿದ್ದುವು. ಒಮ್ಮೆಗೇ ಕೆಸರು ಕವಿದು ಅವು ಹೂತುಹೋಗಿದ್ದುವು. ಹಾಗೆ ಹೂತುದರಿಂದ ಹೊಟ್ಟೆಯ ಕಡೆಯ ಮೃದು ಭಾಗಗಳು ಕೊಳೆಯುವ ಮೊದಲೇ ಅವುಗಳ ಆಕಾರದಲ್ಲಿ ಸುಣ್ಣದ ಹರಳು ನಿಂತಿತ್ತು. ಆದರೆ ಕಲ್ಲನ್ನು ಒಡೆದರೆ ಅದು ಚಿಪ್ಪಿನ ಗುಂಟ ಸೀಳುತ್ತದೆ, ಕಾಲು ಕಾಣುವುದಿಲ್ಲ. ಆದುದರಿಂದ ಅವನು ಅವುಗಳನ್ನು ಕೊಯ್ಯಲು ಪ್ರಾರಂಭಿಸಿದನು. ಸೆರಾರಸ್, ಕ್ಯಾಲಿಮೀನ್ ಎಂಬ ಜಾತಿಗಳ ಸುರುಳಿಗಳನ್ನು ಗರಗಸದಿಂದ ಹೋಳು ಮಾಡಿ, ಒಂದೊಂದು ಹೋಳನ್ನೂ ಬೆಳಕು ತೂರುವಷ್ಟು ತೆಳ್ಳಗೆ ಉಜ್ಜಿ, ಗಾಜಿನ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದಡಿ ನೋಡಿದನು. ಬಹುಪಾಲು ಹೋಳುಗಳಲ್ಲಿ ಏನೂ ಕಾಣಲಿಲ್ಲ. ನೂರಾರು ಹೋಳುಗಳ ಬಳಿಕ, ಒಂದರಲ್ಲಿ ಕಂಡ ಚೂರನ್ನು ಇನ್ನೊಂದರಲ್ಲಿ ಕಂಡ ಚೂರಿಗೆ ಜೋಡಿಸಿ, ಅವನು ಜೀವಿಯ ಅಡಿಭಾಗವನ್ನು ಕಟ್ಟಿ ನಿಲ್ಲಿಸಿದನು. ರೊಟ್ಟಿಯನ್ನು ತೆಳ್ಳನೆಯ ಹೋಳು ಮಾಡಿ, ಹೋಳುಗಳಿಂದ ಒಳಗಿನ ದ್ರಾಕ್ಷಿಯ ಆಕಾರವನ್ನು ಊಹಿಸುವಂತಹ ಕೆಲಸವದು.

ಕಂಡದ್ದೇನು? ತಲೆ, ಎದೆ, ಬಾಲ ಮೂರರ ಅಡಿಯಲ್ಲಿಯೂ ಜೊತೆಜೊತೆಯಾಗಿ ಕೀಲುಗಳುಳ್ಳ ಕಾಲುಗಳು. ಪ್ರತಿಯೊಂದು ಕಾಲೂ ಎರಡು ಕವಲು: ಒಂದು ನಡೆಯುವುದಕ್ಕೆ, ಇನ್ನೊಂದು ಎಳೆಗಳ ಕುಚ್ಚನ್ನು ಹೊತ್ತು ಉಸಿರಾಟಕ್ಕೆ. ಬಾಯಿಯ ಬಳಿಯ ಕಾಲುಗಳ ಬುಡವೇ ದವಡೆಯಂತೆ ಆಹಾರವನ್ನು ಹಿಡಿಯುತ್ತಿತ್ತು. ಬಿಲ್ಲಿಂಗ್ಸನು ಹೇಳಿದ್ದು ನಿಜವೆಂದಾಯಿತು. ಟ್ರೈಲೊಬೈಟು ಸಂಧಿಪದಿಗಳ ವರ್ಗದ್ದೆಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಇಷ್ಟು ಹೇಳುವಾಗ ಇದೆಲ್ಲ ಸುಗಮವಾಗಿ ನಡೆಯಿತೆಂದು ತೋರಬಹುದು. ಹಾಗಲ್ಲ. 1873ರಲ್ಲಿ ವಾಲ್ಕಾಟನು ತನ್ನ ಸಂಗ್ರಹವನ್ನು ಹಾರ್ವರ್ಡಿನ ಪ್ರಸಿದ್ಧ ವಿಜ್ಞಾನಿ ಲೂಯಿ ಅಗಾಸಿಜನಿಗೆ 3,500 ಡಾಲರುಗಳಿಗೆ ಮಾರಿದನು. ಅಗಾಸಿಜನು ತರುಣನ ಕೆಲಸವನ್ನು ಮೆಚ್ಚಿ, ಕಾಲುಗಳ ಶೋಧವನ್ನು ಮುಂದುವರಿಸುವಂತೆ ಉತ್ತೇಜನ ಕೊಟ್ಟನು. ಅವನ ಬಳಿ ಶಿಷ್ಯನಾಗಿ ಓದಬೇಕೆಂದು ವಾಲ್ಕಾಟನು ಮನಸ್ಸು ಮಾಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಅಗಾಸಿಜನು ತೀರಿಕೊಂಡನು. ತೆರೆಯಲಿದ್ದ ಬಾಗಿಲು ಮುಚ್ಚಿತು. 1876ರ ಜನವರಿಯಲ್ಲಿ ಹೆಂಡತಿ ಲೂರಾ ತೀರಿಕೊಂಡಳು. ಗುರುವಿಲ್ಲ, ಸಂಗಾತಿಯಿಲ್ಲ, ಪದವಿಯಿಲ್ಲ, ವಯಸ್ಸು 25. ಇಂತಹ ಸ್ಥಿತಿಯಲ್ಲಿ ಒಬ್ಬನು ಪುನಃ ಕಬ್ಬಿಣದ ಅಂಗಡಿಗೆ ಹೋಗಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ವಾಲ್ಕಾಟನು ಕಲ್ಲು ಕೊಯ್ಯುವುದನ್ನು ಮುಂದುವರಿಸಿದನು. ಅದೇ ವರ್ಷದ ಕೊನೆಯಲ್ಲಿ ಆಲ್ಬನಿ ನಗರದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಭೂವಿಜ್ಞಾನಿ ಜೇಮ್ಸ್ ಹಾಲನ ಸಹಾಯಕನಾದನು. ಹಾಲನು ಮಹಾವಿದ್ವಾಂಸ, ಆದರೆ ಅಷ್ಟೇ ಮುಂಗೋಪಿ. ಅವನ ಕೈಕೆಳಗೆ ದುಡಿದ ಕಾಲವೇ ವಾಲ್ಕಾಟನಿಗೆ ಕಾಲೇಜಾಯಿತು.

1879ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ಸ್ಥಾಪಿತವಾದಾಗ ಅವನು ತಿಂಗಳಿಗೆ 50 ಡಾಲರಿನ ಸಹಾಯಕನಾಗಿ ಸೇರಿದನು. ಕಾಲುಗಳ ಮೇಲಿನ ಅವನ ಮುಖ್ಯ ಪ್ರಬಂಧವನ್ನು 1881ರಲ್ಲಿ ಹಾರ್ವರ್ಡಿನ ವಸ್ತುಸಂಗ್ರಹಾಲಯವೇ ಪ್ರಕಟಿಸಿತು. ವಿದ್ಯಾರ್ಥಿಯಾಗಿ ಪ್ರವೇಶಿಸಲಾಗದ ಸ್ಥಳವನ್ನು ಅವನು ಗ್ರಂಥಕರ್ತನಾಗಿ ಪ್ರವೇಶಿಸಿದನು.

ಅಲ್ಲಿಂದ ಮುಂದಿನ ಏಳಿಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರದ ತಳದಲ್ಲಿ 1882-83ರ ಚಳಿಗಾಲವನ್ನು ಕಳೆದು ಅಲ್ಲಿಯ ಶಿಲಾಪದರಗಳನ್ನು ಅಳೆದನು. ಕೇಂಬ್ರಿಯನ್ ಯುಗದ ಜೀವಿಗಳ ವಿಷಯದಲ್ಲಿ ಅಮೆರಿಕದಲ್ಲಿ ಅವನನ್ನು ಮೀರಿಸಿದವರಿಲ್ಲವೆಂದಾಯಿತು. 1894ರಲ್ಲಿ ಅದೇ ಸಮೀಕ್ಷಾ ಸಂಸ್ಥೆಗೆ ನಿರ್ದೇಶಕನಾದನು. ಅರಣ್ಯಗಳ ರಕ್ಷಣೆ, ಬೆಂಗಾಡಿಗೆ ನೀರಾವರಿ ಮೊದಲಾದ ರಾಷ್ಟ್ರಕಾರ್ಯಗಳಲ್ಲಿ ಅವನ ಪಾತ್ರ ದೊಡ್ಡದು. 1902ರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಸ್ಥಾಪನೆಗೂ, 1915ರಲ್ಲಿ ವಿಮಾನವಿದ್ಯೆಯ ರಾಷ್ಟ್ರೀಯ ಸಲಹಾ ಮಂಡಲಿಯ ಸ್ಥಾಪನೆಗೂ ಕೈಹಾಕಿದನು. 1907ರಿಂದ ಮರಣದವರೆಗೆ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ. 1917ರಿಂದ 1923ರವರೆಗೆ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ. ಹಲವು ವಿಶ್ವವಿದ್ಯಾನಿಲಯಗಳು ತಾವಾಗಿಯೇ ಅವನಿಗೆ ಗೌರವ ಪದವಿಗಳನ್ನು ಕೊಟ್ಟುವು.

ಇಷ್ಟು ಅಧಿಕಾರದ ನಡುವೆಯೂ ಬೇಸಗೆ ಬಂದರೆ ಅವನು ಸುತ್ತಿಗೆ ಹಿಡಿದು ಬೆಟ್ಟಕ್ಕೆ ಹೊರಡುತ್ತಿದ್ದನು. ಹಾಗೆ ಹೋದಾಗ, 1909ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಕೆನಡಾದ ರಾಕಿ ಪರ್ವತಗಳಲ್ಲಿ ಫೀಲ್ಡ್ ಎಂಬ ಊರಿನ ಮೇಲ್ಗಡೆ ಬರ್ಜೆಸ್ ಶೇಲ್ ಎಂಬ ಕಪ್ಪು ಜೇಡಿಕಲ್ಲಿನ ಪದರ ಅವನ ಕಣ್ಣಿಗೆ ಬಿದ್ದಿತು. ಹೆಂಡತಿಯ ಕುದುರೆ ಎಡವಿದ ಕಲ್ಲನ್ನು ಒಡೆದಾಗ ನಿಧಿ ಸಿಕ್ಕಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅವನ ದಿನಚರಿಯಲ್ಲಿ ಅದಕ್ಕೆ ಆಧಾರ ಕಾಣುವುದಿಲ್ಲ. ಸುಮಾರು 50 ಕೋಟಿ ವರ್ಷಗಳ ಹಿಂದಿನ ಆ ಕಲ್ಲಿನಲ್ಲಿ ಚಿಪ್ಪಿಲ್ಲದ ಹುಳುಗಳೂ, ಹಿಂದೆ ಯಾರೂ ಕಾಣದ ವಿಚಿತ್ರ ಪ್ರಾಣಿಗಳೂ ಅಚ್ಚಾಗಿ ಉಳಿದಿದ್ದುವು. ಮುಂದಿನ ವರ್ಷಗಳಲ್ಲಿ ಅವನು 65,000ಕ್ಕೂ ಹೆಚ್ಚು ಮಾದರಿಗಳನ್ನು ಅಲ್ಲಿಂದ ಇಳಿಸಿ ವಾಷಿಂಗ್ಟನ್ನಿಗೆ ತಂದನು. ಅವುಗಳಲ್ಲಿ ಒಲೆನಾಯ್ಡಿಸ್ ಎಂಬ ಟ್ರೈಲೊಬೈಟುಗಳ ಕಾಲು, ಮೀಸೆಗಳು ಕೊಯ್ಯದೆಯೇ ಸ್ಪಷ್ಟವಾಗಿ ಕಾಣುತ್ತಿದ್ದುವು. ತಾರುಣ್ಯದಲ್ಲಿ ಗರಗಸದಿಂದ ಹುಡುಕಿದ್ದನ್ನು ಬೆಟ್ಟವು ಅವನ ಮುದಿತನದಲ್ಲಿ ತಾನಾಗಿಯೇ ಅಂಗೈಯಲ್ಲಿಟ್ಟಂತಾಯಿತು. 1918ರಲ್ಲಿ ಅವನು ಪುನಃ ಕಾಲುಗಳ ಮೇಲೆಯೇ ದೊಡ್ಡ ಪ್ರಬಂಧವನ್ನು ಪ್ರಕಟಿಸಿದನು.

ಆದರೆ ಆ ವರ್ಷಗಳು ಅವನಿಗೆ ಸುಖದ ವರ್ಷಗಳಲ್ಲ. 1888ರಲ್ಲಿ ಮದುವೆಯಾಗಿದ್ದ ಎರಡನೆಯ ಹೆಂಡತಿ ಹೆಲೆನಾ 1911ರ ಜುಲೈ ತಿಂಗಳಲ್ಲಿ ರೈಲು ಅಪಘಾತದಲ್ಲಿ ಮಡಿದಳು. 1913ರಲ್ಲಿ ಹಿರಿಯ ಮಗ ಕ್ಷಯದಿಂದ ತೀರಿಕೊಂಡನು. 1917ರಲ್ಲಿ ಇನ್ನೊಬ್ಬ ಮಗ ಬೆಂಜಮಿನ್ ಸ್ಟುವರ್ಟ್ ಫ್ರಾನ್ಸಿನ ರಣರಂಗದಲ್ಲಿ ವಿಮಾನ ನಡೆಸುತ್ತ ಸತ್ತನು. ವಿಮಾನವಿದ್ಯೆಯನ್ನು ಬೆಳೆಸಿದ ತಂದೆಗೆ ವಿಮಾನದಲ್ಲಿಯೇ ಪುತ್ರಶೋಕ. 1914ರಲ್ಲಿ ಅವನು ಕೈಹಿಡಿದ ಮೇರಿ ವಾಕ್ಸ್ ಎಂಬಾಕೆ ಕಾಡುಹೂಗಳ ಚಿತ್ರಗಳಿಂದ ಹೆಸರಾದವಳು. ಬೆಟ್ಟಗಳಲ್ಲಿ ಗಂಡನಿಗೆ ಸರಿಸಮಳಾಗಿ ನಡೆದವಳು. ಆಕೆಯ ಜೊತೆಯೂ ಕಲ್ಲುಗಳ ಕೆಲಸವೂ ಅವನನ್ನು ಉಳಿಸಿದುವೆಂದು ತೋರುತ್ತದೆ. 1927ರ ಫೆಬ್ರವರಿ 9ರಂದು, ಅಧಿಕಾರದಲ್ಲಿರುವಾಗಲೇ, ವಾಷಿಂಗ್ಟನ್ನಿನಲ್ಲಿ ತೀರಿಕೊಂಡನು.

ಮಹಾಪುರುಷರ ಚರಿತ್ರೆಯಲ್ಲಿ ದೋಷಗಳನ್ನು ಮರೆಸುವುದು ನಮ್ಮಲ್ಲಿ ವಾಡಿಕೆ. ಅದು ಸರಿಯಲ್ಲವೆಂದು ನನ್ನ ಭಾವನೆ. ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಕಾಟನ ಪೂರ್ವಾಧಿಕಾರಿ ಲ್ಯಾಂಗ್ಲಿ ಎಂಬವನು. ಅವನು ಮಾಡಿದ ವಿಮಾನವು 1903ರ ಡಿಸೆಂಬರ್ 8ರಂದು ನದಿಗೆ ಬಿದ್ದಿತು. ಒಂಬತ್ತು ದಿನಗಳ ಬಳಿಕ ರೈಟ್ ಸಹೋದರರು ಹಾರಿದರು. ರೈಟ್ ಸಹೋದರರೂ ಕಾಲೇಜು ಕಾಣದವರೇ, ಬೈಸಿಕಲ್ ಅಂಗಡಿಯವರು. ಆದರೂ ವಾಲ್ಕಾಟನ ಆಡಳಿತದಲ್ಲಿ 1914ರಲ್ಲಿ ಲ್ಯಾಂಗ್ಲಿಯ ಯಂತ್ರವನ್ನು ಹಲವು ಮಾರ್ಪಾಟುಗಳೊಡನೆ ಹಾರಿಸಿ, ಹಾರಬಲ್ಲ ಮೊದಲ ಯಂತ್ರ ಅದೇ ಎಂದು ಸಂಸ್ಥೆಯು ಸಾರಿತು. ಇದರಿಂದ ನೊಂದ ಆರ್ವಿಲ್ ರೈಟನು ತಮ್ಮ ವಿಮಾನವನ್ನು 1928ರಲ್ಲಿ ಲಂಡನ್ನಿಗೆ ಕಳುಹಿಸಿಬಿಟ್ಟನು. ಸಂಸ್ಥೆ 1942ರಲ್ಲಿ ತನ್ನ ಮಾತನ್ನು ಹಿಂತೆಗೆದುಕೊಂಡ ಮೇಲೆಯೇ, 1948ರಲ್ಲಿ, ಅದು ಅಮೆರಿಕಕ್ಕೆ ಮರಳಿತು. ಅಂಗಡಿಯಿಂದ ಬಂದು ಪಂಡಿತರ ಪೀಠವೇರಿದವನು, ಅಂಗಡಿಯಿಂದ ಬಂದ ಇನ್ನಿಬ್ಬರಿಗೆ ನ್ಯಾಯ ತೋರಲಿಲ್ಲ. ಅವನ ಚರಿತ್ರೆಯಲ್ಲಿ ನನ್ನನ್ನು ಬಹುವಾಗಿ ಕಾಡಿದ ಭಾಗವಿದು. ಹೊರಗಿನಿಂದ ಒಳಗೆ ಬಂದವರು ಒಳಗಿನವರಿಗಿಂತ ಹೆಚ್ಚಾಗಿ ಬಾಗಿಲು ಕಾಯುವುದು ಲೋಕದಲ್ಲಿ ಅಪರೂಪವಲ್ಲ.

ವಿಜ್ಞಾನದಲ್ಲಿಯೂ ಅವನ ತೀರ್ಮಾನಗಳೆಲ್ಲ ನಿಲ್ಲಲಿಲ್ಲ. ಬರ್ಜೆಸ್ ಶೇಲಿನ ವಿಚಿತ್ರ ಜೀವಿಗಳನ್ನು ಅವನು ಇಂದಿನ ಪರಿಚಿತ ವರ್ಗಗಳೊಳಗೇ ಸೇರಿಸಿದನು. 1960ರ ದಶಕದ ಉತ್ತರಾರ್ಧದಿಂದ ಕೇಂಬ್ರಿಡ್ಜಿನ ವಿಟಿಂಗ್ಟನ್ ಮತ್ತು ಅವನ ಶಿಷ್ಯರು ಅವುಗಳನ್ನು ಮತ್ತೆ ಪರೀಕ್ಷಿಸಿ, ಅನೇಕವು ಯಾವ ವರ್ಗಕ್ಕೂ ನೇರವಾಗಿ ಸೇರುವುದಿಲ್ಲವೆಂದು ತೋರಿಸಿದರು. ಟ್ರೈಲೊಬೈಟಿನ ಕಿವಿರುಗಳನ್ನು ಅವನು ಸುರುಳಿಯಾಕಾರದಲ್ಲಿ ಚಿತ್ರಿಸಿದ್ದೂ ಸರಿಯಲ್ಲವೆಂದಾಯಿತು. ಆದರೆ ಕಾಲಿನ ಹೊರಗವಲು ಉಸಿರಾಟಕ್ಕೆ ಎಂಬ ಅವನ ಮೂಲಮಾತನ್ನು 2021ರಲ್ಲಿ ನಡೆದ ಸೂಕ್ಷ್ಮ ಪರೀಕ್ಷೆಯೊಂದು ಎತ್ತಿಹಿಡಿಯಿತು. ಅವನು ಉಜ್ಜಿ ತೆಳ್ಳಗೆ ಮಾಡಿದ ಆ ಹೋಳುಗಳು ಹಾರ್ವರ್ಡಿನಲ್ಲಿ ಉಳಿದಿವೆ. 2023ರಲ್ಲಿ ವಿದ್ವಾಂಸರು ಅವುಗಳನ್ನೇ ಪುನಃ ನೋಡಿ, ಟ್ರೈಲೊಬೈಟು ಸುರುಳಿಸುತ್ತಿಕೊಳ್ಳುವಾಗ ಹೊಟ್ಟೆಯ ತಟ್ಟೆಗಳೂ ಕಾಲಿನ ಬುಡಗಳೂ ಹೇಗೆ ಹೊಂದಿಕೊಳ್ಳುತ್ತಿದ್ದುವೆಂಬುದನ್ನು ವಿವರಿಸಿದರು. ಮನುಷ್ಯನ ಅಭಿಪ್ರಾಯ ಸವೆಯುತ್ತದೆ. ಪ್ರಾಮಾಣಿಕವಾಗಿ ಮಾಡಿದ ಕೈಕೆಲಸ ಸವೆಯುವುದಿಲ್ಲ.

ನಮ್ಮ ನಾಡಿಗೂ ಇವನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಭಾರತದಲ್ಲಿ ಹಿಮಾಲಯದ ಸ್ಪಿತಿ, ಕಾಶ್ಮೀರ ಮೊದಲಾದೆಡೆ ಟ್ರೈಲೊಬೈಟುಗಳು ದೊರೆತಿವೆ. ನಮ್ಮ ಧಾರವಾಡ ಶಿಲೆಗಳಾದರೋ 250 ಕೋಟಿ ವರ್ಷಗಳಿಗೂ ಹಿಂದಿನವು. ಟ್ರೈಲೊಬೈಟುಗಳಿಗೆ ಅವು ಮುತ್ತಜ್ಜನ ಮುತ್ತಜ್ಜ. ಆದರೆ ಗ್ರ್ಯಾಂಡ್ ಕ್ಯಾನ್ಯನ್ನಿನ ತಳದ ಕಲ್ಲಿನಿಂದ ವಾಲ್ಕಾಟನು 1899ರಲ್ಲಿ ಚುವಾರಿಯಾ ಎಂಬ ಸಣ್ಣ ಕಪ್ಪು ಬಿಲ್ಲೆಯಂತಹ ಪಳೆಯುಳಿಕೆಗೆ ಹೆಸರಿಟ್ಟನು. ಅದನ್ನು ಅವನು ಚಿಪ್ಪುಜೀವಿಯೆಂದು ತಿಳಿದನು. ಈಗ ಅದನ್ನು ಪಾಚಿಯ ಜಾತಿಯೆಂದು ಎಣಿಸುತ್ತಾರೆ. ಅದೇ ಚುವಾರಿಯಾ ನಮ್ಮ ಕಲಬುರಗಿ ಸೀಮೆಯ ಭೀಮಾ ಕಣಿವೆಯ ಜೇಡಿಕಲ್ಲುಗಳಲ್ಲಿಯೂ ದೊರೆತಿದೆ. ಅಂಗಳಕ್ಕೆ ಹಾಸಿದ ಕಲ್ಲು ಕೂಡ ಓದುವವನಿಗಾಗಿ ಕಾದಿರುವ ಪುಸ್ತಕವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ವಾಲ್ಕಾಟನ ಕಥೆಯನ್ನು ಕೇಳಿ ಪದವಿಯೇ ಬೇಡವೆಂದು ಹೇಳುವವರಿದ್ದಾರೆ. ನಾನು ಆ ಮಾತನ್ನು ಒಪ್ಪಲಾರೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಹೆಬ್ಬೆಟ್ಟು ಒತ್ತುವ ತಂದೆತಾಯಿಗಳು ತಮ್ಮ ಊಟವನ್ನು ಅರೆಮಾಡಿಕೊಂಡು ಕಳುಹಿಸಿದ ಮಗನಿಗೆ, ಆ ಕಾಗದದ ಬೆಲೆ ಏನೆಂಬುದು ಗೊತ್ತಿದೆ. ವಾಲ್ಕಾಟನೂ ಅದನ್ನು ತಿರಸ್ಕರಿಸಿದವನಲ್ಲ. ಅಗಾಸಿಜನ ಬಳಿ ಓದಲು ಹಂಬಲಿಸಿದವನು. ಬಾಗಿಲು ಮುಚ್ಚಿದಾಗ ಅವನು ಓದನ್ನು ನಿಲ್ಲಿಸಲಿಲ್ಲ, ಅಷ್ಟೇ. ಬಾಗಿಲು ತೆರೆದಿರುವ ನಾವು, ಪರೀಕ್ಷೆ ಮುಗಿದ ಮರುದಿನವೇ ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಿದರೆ, ಪದವಿ ಬರಿಯ ಚಿಪ್ಪಾಗಿ ಉಳಿಯುತ್ತದೆ. ಚಿಪ್ಪಿನ ಕೆಳಗೆ ನಡೆಯುವ ಕಾಲುಗಳಿವೆಯೇ ಎಂಬುದನ್ನು ಈ ವರ್ಷ ಕಾಲೇಜನ್ನು ಬಿಡುತ್ತಿರುವ ನಾವೆಲ್ಲರೂ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.